ಚಿತ್ರಕ್ಕೆ ಬೂಷ್ಟು ಬಂದ ಮಳೆಗಾಲ

ಆಗಸ್ಟ್‌ನಲ್ಲಿ ಫೋನ್ ಬಂತು. "ಸರ್, ನಿಮ್ಮ ಚಿತ್ರಕ್ಕೆ ಬೂಷ್ಟು ಬಂದೈತೆ. ಒಂದ್ಸಾರಿ ಬಂದು ನೋಡ್ರಿ."

ಆರಡಿ ಅಗಲದ ಚಿತ್ರ. ಬೇಸಿಗೆಯಲ್ಲಿ ಒಬ್ಬರ ಮನೆ ಹಾಲ್‌ಗೆ ಮಾಡಿಕೊಟ್ಟಿದ್ದೆ. ನಮ್ಮ ಚಿತ್ರದುರ್ಗದ ಬಂಡೆಗಳೇ ವಿಷಯ. ಕೆಮ್ಮಣ್ಣಿನ ಬಣ್ಣ, ಮೇಲೆ ಹಳೇ ಕಂಬಳಿ ತುಂಡುಗಳು.

ಹೋಗಿ ನೋಡಿದೆ. ಮಣ್ಣು ಬಳಿದ ಜಾಗ ಹಾಗೇ ಇತ್ತು. ಕಂಬಳಿ ಅಂಟಿಸಿದ ಕಡೆಯೆಲ್ಲ ಬಿಳಿ ಬೂಷ್ಟು. ಇಳಿಸಿ ತಿರುಗಿಸಿದರೆ ಹಿಂಬದಿ ಇನ್ನೂ ಜಾಸ್ತಿ. ಮನೆಯವರು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ವಾಸಿ ಇತ್ತು.

ಮಣ್ಣಿನ ವಿಷಯದಲ್ಲಿ ನಾನು ಪಕ್ಕಾ. ಮನೆ ಪಾಯ ತೋಡುವ ಕಡೆ ಕೇಳಿ ತರುತ್ತೇನೆ. (ಜೋಗಿಮಟ್ಟಿ ಕಡೆಯಿಂದ ತರಬೇಡಿ, ಅದು ವನ್ಯಧಾಮ.) ಬಕೆಟ್ ನೀರಿಗೆ ಹಾಕಿ ಕಲಕಿ, ಮರಳು ತಳ ಸೇರಿದ ಮೇಲೆ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಬೇಕು. ರಾತ್ರಿ ಬಿಟ್ಟರೆ ಗಸಿ ಕೂರುತ್ತೆ. ಅದನ್ನು ಒಣಗಿಸಿ, ಅರೆದು, ಗೋಂದು ಬೆರೆಸಿದರೆ ಬಣ್ಣ ಸಿದ್ಧ. ಈ ಕೆಂಪು ಕಬ್ಬಿಣದ ತುಕ್ಕಿನ ಕೆಂಪೇ. ಬಿಸಿಲಿಗೆ ಅರಿಸಿನ ಮಾಸುತ್ತೆ, ಇದು ಜಗ್ಗಲ್ಲ.

ಎಡವಿದ್ದು ಅಂಟಿನಲ್ಲಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಬಳಸುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡುವ ಗಂಜಿ. ಕಂಬಳಿಗೆ ಕಂಬಳಿಯದೇ ಗಂಜಿ ಅಂತ ನಾನೂ ಅದನ್ನೇ ದಪ್ಪಗೆ ಬಳಿದಿದ್ದೆ.

ಗಂಜಿ ಮಾಡೋದು ಹೇಳಿಕೊಟ್ಟಿದ್ದ ಅಜ್ಜನ ಹತ್ತಿರವೇ ಬೂಷ್ಟು ಹಿಡಿದ ತುಂಡು ತಗೊಂಡು ಹೋದೆ. ಅವರು ಮೂಸಿ ನೋಡಿದರು. "ತಮ್ಮಾ, ನಾವು ಗಂಜಿ ಹಾಕಿದ್ಮೇಲೆ ಬಿಸಿಲಿಗೆ ಹರವ್ತೀವಿ. ಕಂಬಳಿ ಕುರುಬನ ಹೆಗಲ ಮೇಲೆ ದಿನಾ ಬಿಸಿಲು, ಗಾಳಿ ಕಾಣ್ತೈತೆ. ನೀನು ಗೋಡೆಗೆ ಒತ್ತಿ ಬಡಿದೀಯ. ಅದು ಉಸಿರಾಡೋದು ಹೆಂಗೆ?"

ನಾನು ಗಂಜಿ ಮಾಡೋದು ಮಾತ್ರ ಕೇಳಿಕೊಂಡು ಬಂದಿದ್ದೆ. ಆಮೇಲೆ ಏನು ಮಾಡ್ತೀರಿ ಅಂತ ಕೇಳಿರಲಿಲ್ಲ.

ಈಗ ಗಂಜಿಗೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತೇನೆ, ಬೂಷ್ಟು ಬರದಿರಲಿ ಅಂತ, ಹಳೇ ಬುಕ್ ಬೈಂಡಿಂಗ್‌ನವರು ಮೈದಾ ಅಂಟಿಗೆ ಹಾಕುವ ಹಾಗೆ. ಅದು ವಿಷ. ಅಡುಗೆ ಪಾತ್ರೆ ಮುಟ್ಟಬಾರದು, ಕೈಗೆ ಗ್ಲೌಸ್ ಬೇಕು. ತಿಳಿ ಬಣ್ಣದ ಬಟ್ಟೆಯಾದರೆ ಸ್ವಲ್ಪ ನೀಲಿ ಕಾಣಬಹುದು. ಅಂಟು ತೆಳ್ಳಗೆ. ಫ್ರೇಮ್ ಹಿಂದೆ ನಾಲ್ಕು ಮೂಲೆಗೂ ಮರದ ತುಂಡು, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ ಅಂತ. ಆರ್ಡರ್ ಕೊಟ್ಟವರಿಗೆ ಹೊರಗೋಡೆ ಬೇಡ, ಒಳಗೋಡೆ ತೋರಿಸಿ ಅಂತ ಮೊದಲೇ ಹೇಳುತ್ತೇನೆ.

ಆ ಚಿತ್ರವನ್ನು ದುಡ್ಡು ತಗೊಳ್ಳದೆ ಹೊಸದಾಗಿ ಮಾಡಿಕೊಟ್ಟೆ. ಹೊಸ ಸಾಮಾನು ಏನೇ ಸಿಗಲಿ, ಶೇಂಗಾ ಸಿಪ್ಪೆಯಾಗಲಿ, ಜೋಳದ ರವದಿಯಾಗಲಿ, ಅಂಗೈಯಗಲದ ಹಲಗೆಗೆ ಅಂಟಿಸಿ ಒಂದು ಮಳೆಗಾಲ ಮಾಳಿಗೆ ಶೀಟಿನ ಕೆಳಗೆ ಬಿಡುತ್ತೇನೆ. ಈಗ ಅಲ್ಲಿ ಇಪ್ಪತ್ತು ಹಲಗೆ ಇವೆ. ಸಂಡಿಗೆ ಹಾಕೋಕೆ ಜಾಗ ಇಲ್ಲ ಅಂತ ಅಮ್ಮನ ಜಗಳ ದಿನಾ ಇದ್ದದ್ದೇ.