ಗಿರಾಕಿ ಕೇಳುವ ಹೆಸರಲ್ಲೇ ಫೋಲ್ಡರ್ ಇರಲಿ

ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಗೆ ಬರುವ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಹಾಗಾಗಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಉಡುಪಿಯ ಪ್ರೆಸ್‌ಗಳಲ್ಲಿ ಮೆಷಿನ್ ಸದ್ದು ಕಡಿಮೆ. ಕಲ್ಸಂಕದ ಹತ್ತಿರದ ನಮ್ಮ ಪ್ರೆಸ್ಸಿನಲ್ಲೂ ಹಾಗೇ. ಅಲ್ಲಿ ನಾನು 14 ವರ್ಷದಿಂದ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವ ಕೆಲಸ, ಮಾಡುತ್ತಿದ್ದೇನೆ. 2025ರ ಆಟಿಯಲ್ಲಿ ನಮ್ಮ ಧನಿಗಳು ಹೊಸ ಕಂಪ್ಯೂಟರ್ ತಂದು ನನ್ನ ಟೇಬಲ್ ಮೇಲಿಟ್ಟರು. "ಈ ತಿಂಗಳೊಳಗೆ ಎಲ್ಲ ಇದಕ್ಕೆ ಹಾಕಿಬಿಡು, ಆಮೇಲೆ ಪುರುಸೊತ್ತು ಸಿಗುವುದಿಲ್ಲ" ಎಂದರು.

ಅವರು ಹೇಳಿದ್ದು ಸರಿಯೇ. ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಬರುವುದಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ನಮ್ಮ ಹಳೇ ಕಂಪ್ಯೂಟರ್‌ನಲ್ಲಿ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಇರಲಿಲ್ಲ, ವಿಂಡೋಸ್ 11 ಅದಕ್ಕೆ ಹತ್ತುತ್ತಿರಲಿಲ್ಲ. ಅದರ ಮೇಲೆ 2026ರ ಜನವರಿ 18ಕ್ಕೆ ಶೀರೂರು ಮಠದ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಸರದಿ ಆ ಮಠಕ್ಕೆ ಬರುವ ಉತ್ಸವ. ಪರ್ಯಾಯದ ವರ್ಷ ಉಡುಪಿಯಲ್ಲಿ ಡಿಸೆಂಬರ್‌ನಿಂದಲೇ ಹೊರೆಕಾಣಿಕೆಯ ಹ್ಯಾಂಡ್‌ಬಿಲ್, ಸಮಿತಿಗಳ ರಶೀದಿ ಪುಸ್ತಕ, ಶುಭಾಶಯದ ಕಾರ್ಡ್ ಅಂತ ಊಟಕ್ಕೂ ಏಳಲಾಗದಷ್ಟು ಕೆಲಸ ಬರುತ್ತದೆ.

ಮೊದಲ ದಿನ ಸುಮ್ನೆ ಎಲ್ಲವನ್ನೂ ಕಾಪಿ ಮಾಡಲು ಹಾಕಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಒಂದು ಮದುವೆ ಕಾಗದ ತೆರೆದರೆ ತಲೆಬರಹದಲ್ಲಿ "ಶ್ರೀ" ಇರಬೇಕಾದ ಜಾಗದಲ್ಲಿ ಬೇರೇನೋ ಇತ್ತು. ಮೇಲೆ ಸಣ್ಣದಾಗಿ 2 ಎಂಬ ಅಂಕೆ, ಪಕ್ಕದಲ್ಲಿ ಇಂಗ್ಲಿಷಿನ ಎ ಮತ್ತು ಇ ಅಂಟಿಕೊಂಡ ಅಕ್ಷರ, ಅದರ ಪಕ್ಕ ತಲೆ ಮೇಲೆ ಅಲೆಯಂಥ ಗೆರೆ ಇರುವ ದೊಡ್ಡ ಎ. ಡಿಟಿಪಿಯವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ. "ನುಡಿ" ಎಂಬ ಕನ್ನಡ ಸಾಫ್ಟ್‌ವೇರಿನ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ "ಶ್ರೀ" ಹಾಗೇ ಕಾಣುವುದು. ಫೈಲ್ ತಂದಿದ್ದೆ, ಫಾಂಟ್ ತಂದಿರಲಿಲ್ಲ.

ಹಳೆಯ ಮ್ಯಾಟರ್‌ಗಳೆಲ್ಲ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ, ಬರುವ ಮುಂಚಿನ ರೀತಿಯಲ್ಲಿ ಕಂಪೋಸ್ ಆದವು. ಕೆಲವು "ನುಡಿ"ಯಲ್ಲಿ, ಕೆಲವು "ಬರಹ" ಸಾಫ್ಟ್‌ವೇರ್‌ನಲ್ಲಿ, ಜಾಸ್ತಿ "ಶ್ರೀಲಿಪಿ"ಯಲ್ಲಿ. ಶ್ರೀಲಿಪಿಯ ಮ್ಯಾಟರ್‌ಗೆ ನುಡಿ ಫಾಂಟ್ ಹಾಕಿದರೂ ಓದಲಾಗುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್‌ಗೆ ಮೊದಲು ಹೋಗಬೇಕಾದ್ದು ಫಾಂಟ್. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನೆಲ್ಲ ತೆಗೆದು, ಕೆಲಸದ ಫೋಲ್ಡರ್‌ನ ಪಕ್ಕದಲ್ಲೇ ಒಂದು ಪ್ರತಿ ಇಟ್ಟೆ. ನಾಳೆ ಈ ಕಂಪ್ಯೂಟರ್ ಹೋದರೂ ಫೈಲ್ ಜೊತೆಗೆ ಫಾಂಟ್ ಇರಬೇಕಲ್ವಾ?

ಆ ಬೆಳಿಗ್ಗೆಯೇ ಇನ್ನೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ಫೈಲ್ ಹುಡುಕುವಾಗ ನಾನು ಸರ್ಚ್‌ನಲ್ಲಿ ಊರಿನ ಹೆಸರು, ಮನೆಯ ಹೆಸರು ಟೈಪ್ ಮಾಡಿ ಸೋಲುತ್ತಿದ್ದೆ. ಕಾಗದದ ಒಳಗೆ "ಕಾಪು" ಎಂದು ಇದೆ, ಯಾಕೆ ಸಿಗುವುದಿಲ್ಲ ಎಂದು ಸಿಟ್ಟು ಬರುತ್ತಿತ್ತು. ಈಗ ಗೊತ್ತಾಯಿತು. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರ್‌ಗೆ ಆ ವಿಚಿತ್ರ ಇಂಗ್ಲಿಷ್ ಗುರುತುಗಳ ಸಾಲು. ಯೂನಿಕೋಡ್‌ನಲ್ಲಿ ನಾನು ಟೈಪ್ ಮಾಡಿದ "ಕಾಪು" ಅದಕ್ಕೆ ಹೇಗೆ ಸಿಗಬೇಕು? ಅಂದರೆ ನಮ್ಮಂಥ ಪ್ರೆಸ್ಸಿಗೆ ಫೈಲಿನ ಹೆಸರು, ಫೋಲ್ಡರಿನ ಹೆಸರು ಬಿಟ್ಟರೆ ಬೇರೆ ದಾರಿ ಇಲ್ಲ.

ಹಳೇ ಕಂಪ್ಯೂಟರ್‌ನಲ್ಲಿ ಹೆಸರುಗಳು ಹೇಗಿದ್ದವು? ನನ್ನ ತಲೆಯಲ್ಲಿ ಆ ಹೊತ್ತಿಗೆ ಏನಿತ್ತೋ ಹಾಗೆ. "ಅರ್ಜೆಂಟ್", "ಭಟ್ರ ಕಾರ್ಡ್", "ಹೊಸ ಫೋಲ್ಡರ್ 7". ಅದು ನನಗೊಬ್ಬಳಿಗೇ ತಿಳಿಯುತ್ತಿತ್ತು. ರಜೆ ಹಾಕಿದ ದಿನ ಫೋನ್ ತಪ್ಪಿದ್ದಲ್ಲ. "ಅಕ್ಕಾ, ಆ ಬ್ರಹ್ಮಾವರದವರ ಬಿಲ್ ಪುಸ್ತಕ ಎಲ್ಲಿ ಉಂಟು?" ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕೇಳುತ್ತಿದ್ದಳು. ತಂಗಿಯ ಸೀಮಂತದ ದಿನ ಮನೆ ತುಂಬ ಜನ ಇರುವಾಗ ಮೂಲೆಯಲ್ಲಿ ನಿಂತು ಅವಳಿಗೆ ದಾರಿ ಹೇಳಿದ್ದೇನೆ.

ಈ ಸಲ ಹಾಗೆ ಆಗಬಾರದು ಎಂದು ಫೋಲ್ಡರ್ ಮಾಡುವ ಮೊದಲು ಒಂದು ನೋಟ್‌ಬುಕ್ ಇಟ್ಟೆವು. ಯಾರು ಬಂದು ಹಳೇ ಕೆಲಸ ಕೇಳಿದರೂ ಅವರು ಹೇಳಿದ ಮಾತನ್ನು ಹಾಗೇ ಬರೆಯುವುದು. ಆಟಿಯಲ್ಲೂ ಅಂಥವರು ಬರುತ್ತಾರೆ. "ನಮ್ಮ ಅಂಗಡಿಯ ಬಿಲ್ ಪುಸ್ತಕ ಮುಗಿಯಿತು." "ದೇವಸ್ಥಾನದ್ದು ಕಳೆದ ವರ್ಷದ್ದೇ ಇರಲಿ, ತಾರೀಕು ಮಾತ್ರ ಬದಲಿಸಿ." "ಮೇ ತಿಂಗಳಲ್ಲಿ ನಮ್ಮ ಅಣ್ಣನ ಮಗಳ ಮದುವೆ ಕಾಗದ ಇಲ್ಲೇ ಮಾಡಿದ್ದು, ಹೆರ್ಗದವರು, ಅದೇ ಡಿಸೈನ್ ಬೇಕು."

ಎರಡು ವಾರ ಬರೆದ ಮೇಲೆ ಆ ಪುಟಗಳನ್ನು ಓದಿದರೆ ವಿಷಯ ತಾನಾಗಿಯೇ ಕಂಡಿತು. ಮತ್ತೆ ಮತ್ತೆ ಬರುವವರು, ಅಂದರೆ ಅಂಗಡಿ, ದೇವಸ್ಥಾನ, ಭಜನಾ ಮಂಡಳಿಯವರು, ವರ್ಷ ಹೇಳುವುದೇ ಇಲ್ಲ. ತಮ್ಮ ಹೆಸರು ಹೇಳುತ್ತಾರೆ. ಮದುವೆ, ಗೃಹಪ್ರವೇಶದವರು ಹೆಸರಿಗಿಂತ ಮೊದಲು ತಿಂಗಳು ಹೇಳುತ್ತಾರೆ, ಆಮೇಲೆ ಊರು. ನಾನೋ ಇಬ್ಬರನ್ನೂ "ಕಾರ್ಡ್", "ಬುಕ್", "ಪೋಸ್ಟರ್" ಎಂದು ಕೆಲಸದ ಜಾತಿ ನೋಡಿ ಹಂಚಲು ಹೊರಟಿದ್ದೆ. ಕೌಂಟರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಹಾಗಾಗಿ ಎರಡೇ ದೊಡ್ಡ ಫೋಲ್ಡರ್ ಮಾಡಿದೆವು. ಒಂದು ಖಾಯಂ ಗಿರಾಕಿಗಳದ್ದು. ಅದರೊಳಗೆ ಅವರವರ ಹೆಸರು, ಅಷ್ಟೇ. ಇನ್ನೊಂದು ಒಂದು ಸಲದ ಕೆಲಸಗಳದ್ದು. ಅದರೊಳಗೆ ವರ್ಷ-ತಿಂಗಳು, ಅದರೊಳಗೆ ಊರು ಮತ್ತು ಮನೆ. ತಾರೀಕನ್ನು ವರ್ಷದಿಂದ ಶುರುಮಾಡಿ ಬರೆಯುತ್ತೇವೆ, 2025-05-11 ಹೀಗೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 11ನೇ ತಾರೀಕುಗಳು ಒಟ್ಟಿಗೆ ಬಂದು ಕೂರುತ್ತವೆ. ಓರೆಗೆರೆ ಹಾಕಲು ವಿಂಡೋಸ್ ಬಿಡುವುದೂ ಇಲ್ಲ.

ಖಾಯಂ ಗಿರಾಕಿಗಳ ಬಿಲ್ ಪುಸ್ತಕದಲ್ಲಿ ಒಂದು ಹೆಚ್ಚಿನ ಜಾಗ್ರತೆ ಬೇಕು. ಜಿಎಸ್‌ಟಿ ಬಿಲ್ಲಿನ ನಂಬರ್ ಸಾಲಾಗಿ ಬರಬೇಕು, ಒಂದೇ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. ಮೊದಲು ಪ್ರತಿ ಸಲವೂ "ಹಿಂದಿನದು ಎಲ್ಲಿ ತನಕ ಹಾಕಿದ್ದೇವೆ?" ಎಂದು ಹಳೇ ಪುಸ್ತಕ ತರಿಸುತ್ತಿದ್ದೆವು. ಈಗ ಫೈಲಿನ ಹೆಸರಿನಲ್ಲೇ 1501-2000 ಎಂದು ಇರುತ್ತದೆ. ಮುಂದಿನದು 2001ರಿಂದ. ಮಳೆಯಲ್ಲಿ ಮಲ್ಪೆಯಿಂದ ಒಬ್ಬರು ಬರೀ ನಂಬರ್ ತೋರಿಸಲು ಬರುವುದು ತಪ್ಪಿತು.

ಹೆಸರನ್ನು ಕನ್ನಡದಲ್ಲೇ ಇಡಬೇಕೆಂದು ನನಗೆ ತುಂಬ ಆಸೆ ಇತ್ತು. ವಿಂಡೋಸ್‌ಗೆ ಅದರಿಂದ ತೊಂದರೆ ಇಲ್ಲ. ಆದರೆ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಅನ್ನು ನಾವು ಇನ್ನೂ ಬಿಟ್ಟಿಲ್ಲ. ಅದರ ಕೊನೆಯ 7.0 ಬಂದದ್ದು 2001ರಲ್ಲಿ, ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಕನ್ನಡ ಹೆಸರಿನ ಫೋಲ್ಡರ್ ಒಳಗಿನ ಫೈಲ್ ತೆರೆಯಲು ಅದು ಒದ್ದಾಡುತ್ತದೆ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆವು. ಅದರಲ್ಲೂ ಒಂದು ತಾಪತ್ರಯ. ಮದುವೆಗೆ ನಾನು ಡಿ ಮುಂದೆ ಎಚ್ ಹಾಕುತ್ತಿದ್ದೆ, ಜೊತೆಯ ಹುಡುಗಿ ಹಾಕುತ್ತಿರಲಿಲ್ಲ. ಗೃಹಕ್ಕೆ ನಾನು ಯು, ಅವಳು ಐ. ಹೀಗಾದರೆ ಸರ್ಚ್ ಮಾಡಿ ಏನು ಪ್ರಯೋಜನ? 20 ಪದಗಳ ಸ್ಪೆಲ್ಲಿಂಗ್ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿದ್ದೇವೆ. ಮದುವೆ, ಗೃಹ, ನೇಮ, ನಾಗಮಂಡಲ, ಬ್ರಹ್ಮಕಲಶ, ಉತ್ತರಕ್ರಿಯೆ... ಇಬ್ಬರೂ ಅದನ್ನೇ ನೋಡಿ ಟೈಪ್ ಮಾಡುತ್ತೇವೆ.

ಇನ್ನು "ಫೈನಲ್" ಎಂಬ ಪದದ ವಿಷಯ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಕಾಗದಕ್ಕೆ ಮೂರು ಸಲ ಕರೆಕ್ಷನ್ ಬಂತು. ಮೂರನೆಯದರಲ್ಲಿ ಪುರೋಹಿತರು ಮುಹೂರ್ತವನ್ನು 11-35ರಿಂದ 12-05ಕ್ಕೆ ಬದಲಿಸಿದ್ದರು. ನಾನು ತಿದ್ದಿದೆ, ಸೇವ್ ಮಾಡಿದೆ. ಆದರೆ ಫೋಲ್ಡರ್‌ನಲ್ಲಿ "ಫೈನಲ್", "ಫೈನಲ್ ಹೊಸದು", "ಫೈನಲ್ ಕರೆಕ್ಟ್" ಎಂದು ಮೂರಿದ್ದವು. ಅಚ್ಚಿನ ಪ್ಲೇಟ್ ಮಾಡಲು ಕಳಿಸುವಾಗ ನನ್ನ ಕೈ ನಡುವಿನದರ ಮೇಲೆ ಹೋಯಿತು. 600 ಕಾಗದ ಅಚ್ಚಾಯಿತು. ಮಡಚಿ ಕವರಿಗೆ ಹಾಕುವಾಗ ಬೈಂಡಿಂಗಿನ ಅಣ್ಣ, "ಪ್ರೂಫ್ ಚೀಟಿಯಲ್ಲಿ 12-05 ಉಂಟಲ್ಲ?" ಎಂದರು. ಅಂದು ರಾತ್ರಿ ಎಲ್ಲರೂ ಕೂತು ಮತ್ತೆ ಅಚ್ಚು ಹಾಕಿದೆವು. ಕಾಗದದ ಖರ್ಚು ಧನಿಗಳು ಹೊತ್ತರು, ನನಗೆ ಒಂದು ಮಾತೂ ಅನ್ನಲಿಲ್ಲ. ಆ ಅಣ್ಣ ನೋಡದೆ ಇದ್ದಿದ್ದರೆ? 600 ಮನೆಗೆ ತಪ್ಪು ಮುಹೂರ್ತ ಹೋಗುತ್ತಿತ್ತು.

ಹೊಸ ಕಂಪ್ಯೂಟರ್‌ನಲ್ಲಿ "ಫೈನಲ್" ಎಂಬ ಹೆಸರಿನ ಒಂದೇ ಒಂದು ಫೈಲ್ ಇಲ್ಲ. ಪ್ರೂಫ್‌ಗಳಿಗೆ ಪಿ1, ಪಿ2, ಪಿ3 ಎಂದು ನಂಬರ್ ಮಾತ್ರ. ಪ್ರತಿ ಕೆಲಸದ ಒಳಗೆ "ಅಚ್ಚಿಗೆ" ಎಂಬ ಒಂದು ಚಿಕ್ಕ ಫೋಲ್ಡರ್ ಇದೆ, ಇಂಗ್ಲಿಷ್ ಅಕ್ಷರದಲ್ಲಿ. ಗಿರಾಕಿ ಪ್ರೂಫ್ ಮೇಲೆ ಸಹಿ ಹಾಕಿದ ನಂತರ ಆ ಪಿಡಿಎಫ್ ಅದರೊಳಗೆ ಹೋಗುತ್ತದೆ. ಅದರಲ್ಲಿ ಒಂದೇ ಫೈಲ್ ಇರಬೇಕು. ಎರಡು ಕಂಡರೆ ಪ್ಲೇಟಿಗೆ ಕಳಿಸುವವರು ನಿಲ್ಲಿಸಿ ಕೇಳಬೇಕು. ನಾನೇ ಆದರೂ.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ಅನ್ನು ವಿಂಡೋಸ್ ಮುಚ್ಚಿಟ್ಟಿರುತ್ತದೆ, ಮೊದಲೇ ಅದನ್ನು ತೋರಿಸುವಂತೆ ಮಾಡಿ. ಇಲ್ಲದಿದ್ದರೆ ಕೋರಲ್ ಫೈಲ್, ಪಿಡಿಎಫ್, ಜೆಪೆಗ್ ಮೂರೂ ಒಂದೇ ಹೆಸರಲ್ಲಿ ಕಾಣುತ್ತವೆ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಡೌನ್‌ಲೋಡ್ಸ್‌ನಲ್ಲಿ ಉಳಿಯಬಾರದು, ಆ ಕೆಲಸದ ಫೋಲ್ಡರ್‌ಗೆ ಕೂಡಲೇ ಹೋಗಬೇಕು. ಉತ್ತರಕ್ರಿಯೆಯ ಕಾಗದಕ್ಕೆ ಬಂದವರು ಅಂದು ಸಂಜೆಯೇ ಬೇಕು ಎನ್ನುತ್ತಾರೆ. ದುಃಖದಲ್ಲಿ ಇರುವವರನ್ನು ಎದುರಿಗೆ ಕೂರಿಸಿಕೊಂಡು "ಆ ಫೋಟೋ ಇನ್ನೊಮ್ಮೆ ಕಳಿಸಿ" ಎಂದು ಕೇಳುವುದು ಸರಿಯಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ತುಂಬ ಆಳಕ್ಕೆ ಹೋಗುವುದೂ ಬೇಡ. ದಾರಿಯ ಉದ್ದ 260 ಅಕ್ಷರ ದಾಟಿದರೆ ಕೆಲವು ಸಾಫ್ಟ್‌ವೇರ್ ತೆರೆಯುವುದಿಲ್ಲ, ಕಾಪಿಯೂ ಅರ್ಧಕ್ಕೆ ನಿಲ್ಲುತ್ತದೆ.

ಹಳೆಯ ಫೈಲ್‌ಗಳನ್ನು ಏನು ಮಾಡಿದಿರಿ ಎಂದು ಪರಿಚಯದ ಡಿಟಿಪಿಯವರು ಕೇಳಿದರು. ಏನೂ ಮಾಡಲಿಲ್ಲ. ಅವನ್ನೂ ಹೊಸ ರೀತಿಗೆ ತರೋಣ ಎಂದು ಎರಡು ದಿನ ಕೂತಿದ್ದೆ. ಒಂದು ಸ್ಮರಣ ಸಂಚಿಕೆಯ ಫೋಟೋಗಳನ್ನು ಬೇರೆ ಕಡೆ ಇಟ್ಟ ಕೂಡಲೇ ಪೇಜ್‌ಮೇಕರ್ ಪ್ರತಿ ಫೋಟೋಗೂ "ಎಲ್ಲಿದೆ?" ಎಂದು ಕೇಳತೊಡಗಿತು. ಫೋಟೋ ಇದ್ದ ದಾರಿಯನ್ನು ಅದು ನೆನಪಿಟ್ಟುಕೊಂಡಿರುತ್ತದೆ. ತಕ್ಷಣ ಮೊದಲಿದ್ದ ಹಾಗೇ ಇಟ್ಟೆ. ಹಳೆಯದೆಲ್ಲ "ಹಳೆಯದು" ಎಂಬ ಒಂದೇ ಫೋಲ್ಡರ್‌ನಲ್ಲಿ, ಇದ್ದ ಹಾಗೇ ಇದೆ. ಯಾರಾದರೂ ಕೇಳಿಕೊಂಡು ಬಂದಾಗ ಆ ಒಂದು ಕೆಲಸವನ್ನು ಮಾತ್ರ ತೆಗೆದು, ಹೊಸ ಜಾಗದಲ್ಲಿ ಇಟ್ಟು, ಲಿಂಕ್ ಸರಿ ಮಾಡುತ್ತೇವೆ.

ಬ್ಯಾಕಪ್ ಬಗ್ಗೆ ಕರಾವಳಿಯವರಿಗೆ ಬೇರೆಯಾಗಿ ಹೇಳಬೇಕು. ಏಪ್ರಿಲ್-ಮೇ ಸಂಜೆಯ ಗುಡುಗು, ಅಕ್ಟೋಬರ್‌ನ ಗುಡುಗು ನಮಗೆ ಹೊಸತಲ್ಲ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಹಾಕಿ ಬ್ಯಾಕಪ್ ಆಯಿತು ಎಂದುಕೊಳ್ಳುವವರು ಬಹಳ ಜನ. ಎರಡೂ ಒಂದೇ ಡಿಸ್ಕಿನ ಎರಡು ಕೋಣೆ ಆಗಿದ್ದರೆ, ಡಿಸ್ಕ್ ಹೋದಾಗ ಎರಡೂ ಹೋಗುತ್ತವೆ. ನಾವು ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇಟ್ಟಿದ್ದೇವೆ. ಪ್ರತಿ ಶನಿವಾರ ಸಂಜೆ ಒಂದಕ್ಕೆ ಕಾಪಿ. ಮುಗಿದ ಕೂಡಲೇ ಕೇಬಲ್ ತೆಗೆಯುವುದು, ಚುಚ್ಚಿಯೇ ಬಿಟ್ಟರೆ ಸಿಡಿಲು ಅದನ್ನೂ ಬಿಡುವುದಿಲ್ಲ. ಅದು ಧನಿಗಳ ಮನೆಗೆ ಹೋಗುತ್ತದೆ, ಅಲ್ಲಿದ್ದದ್ದು ಸೋಮವಾರ ಪ್ರೆಸ್ಸಿಗೆ ಬರುತ್ತದೆ. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಒಂದು ಫೈಲ್ ತೆರೆದು ನೋಡುತ್ತೇವೆ.

ಪರ್ಯಾಯ ಮುಗಿದ ಮೇಲೆ ಫೆಬ್ರವರಿಯಲ್ಲಿ ನಮ್ಮ ಕುಟುಂಬದ ಮನೆಯಲ್ಲಿ ದೈವದ ನೇಮ ಇತ್ತು. ಎರಡು ದಿನ ರಜೆ ಹಾಕಿದ್ದೆ. ಫೋನ್ ಅನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ಓಡಾಡಿದೆ. ಮೊದಲ ದಿನ ಬರಲಿಲ್ಲ. ಎರಡನೇ ದಿನವೂ ಬರಲಿಲ್ಲ. ಸಂಜೆ ತಡೆಯಲಾಗದೆ ನಾನೇ ಪ್ರೆಸ್ಸಿನ ಆ ಹುಡುಗಿಗೆ ಫೋನ್ ಮಾಡಿದೆ.

"ಮೂವರು ಹಳೇದು ಕೇಳಿಕೊಂಡು ಬಂದಿದ್ರು ಅಕ್ಕಾ. ಎರಡು ಕೂಡಲೇ ಸಿಕ್ಕಿತು. ಒಂದು ಇನ್ನೂ ಹಳೆಯದರಲ್ಲೇ ಇತ್ತು, ತೆಗೆದು ಅವರ ಹೆಸರಲ್ಲಿ ಇಟ್ಟಿದ್ದೇನೆ. ನೀವು ನೇಮ ಮುಗಿಸಿಕೊಂಡು ಬನ್ನಿ."