ಪೇಸ್ಟ್ ಮಾಡಿದ್ರೆ ತಾನೇ ನೆಟ್ಟಗಾಗ್ಬೇಕು ಅಂತ ಹೊರಟವನ ಕತೆ

ಹೋದ ತಿಂಗ್ಳು ಒಂದು ಶುಕ್ರವಾರ ಸಾಯಂಕಾಲ ಒಂದು ಬಗ್ ಫಿಕ್ಸ್ ಮಾಡ್ದೆ. ಒಂದೇ ಲೈನು, ಅದ್ರಲ್ಲೂ ಗ್ರೇಟರ್‌ದ್ಯಾನ್ ಪಕ್ಕ ಒಂದು ಈಕ್ವಲ್ ಸೇರ್ಸಿದ್ದು ಅಷ್ಟೆ. ಪುಲ್ ರಿಕ್ವೆಸ್ಟ್ (ಈ ಬದಲಾವಣೆ ನೋಡಿ ಒಪ್ಕೊಳಿ ಅಂತ ಟೀಮ್‌ಗೆ ಕಳ್ಸೋ ಕೋರಿಕೆ) ಹಾಕಿ, ಮಳೆ ಶುರುವಾಗೋ ಮುಂಚೆ ಸಿಲ್ಕ್ ಬೋರ್ಡ್ ದಾಟ್ಬಿಡೋಣ ಅಂತ ಬ್ಯಾಗ್ ಹಾಕ್ಕೊಂಡು ಲಿಫ್ಟ್ ಹತ್ರ ನಿಂತಿದ್ದೆ, ಅದನ್ನ ರಿವ್ಯೂ ಮಾಡೋ ಟೀಮಿನವನ ಫೋನ್ ಬಂತು. "ಏನ್ ಗುರು ಇದು, ಒಂದ್ ಲೈನ್ ಅಂದೆ, ಇಲ್ಲಿ 640 ಲೈನ್ ಬದ್ಲಾಗಿ ಕೆಂಪು ಹಸಿರು ಬಂದಿದೆ, ಇದನ್ನ ಓದ್ತಾ ಕೂತ್ರೆ ಸೋಮವಾರ ಆಗತ್ತೆ ನಂಗೆ."

ವಾಪಸ್ ಬಂದು ನೋಡಿದ್ರೆ ನಿಜ. ಫೈಲ್‌ನಲ್ಲಿದ್ದ ಸಿಂಗಲ್ ಕೋಟ್ ಎಲ್ಲಾ ಡಬಲ್ ಕೋಟ್ ಆಗಿದೆ, 80 ಅಕ್ಷರ ದಾಟಿದ ಲೈನ್‌ಗಳೆಲ್ಲ ಮುರ್ಕೊಂಡು ಕೆಳಗಿಳಿದಿವೆ. ಯಾರೋ ಬಂದು ಮನೆ ಸಾಮಾನೆಲ್ಲ ಜಾಗ ಬದ್ಲಾಯ್ಸಿ ಹೋದಂಗೆ. ಮಾಡಿದ್ದು ನಾನೇ. ಹಿಂದಿನ ವಾರ, ನಾನು ಕೋಡ್ ಬರೆಯೋ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಪ್ರೆಟಿಯರ್ ಅನ್ನೋ ಫಾರ್ಮ್ಯಾಟರ್ (ಕೋಡನ್ನ ತಾನೇ ನೀಟಾಗಿ ಜೋಡ್ಸೋ ಟೂಲು) ಹಾಕಿ, ಸೇವ್ ಮಾಡಿದಾಗ ಫಾರ್ಮ್ಯಾಟ್ ಆಗ್ಲಿ ಅಂತ ಟಿಕ್ ಮಾಡಿದ್ದೆ. ಆ ಪ್ರಾಜೆಕ್ಟ್‌ನಲ್ಲಿ ಹೆಂಗೆ ಜೋಡ್ಸ್ಬೇಕು ಅಂತ ಹೇಳೋ ಪ್ರೆಟಿಯರ್ ಕಾನ್ಫಿಗ್ ಫೈಲೇ ಇಲ್ಲ, ಕಾನ್ಫಿಗ್ ಇಲ್ದಿದ್ರೆ ಅದು ತನ್ನ ಡಿಫಾಲ್ಟ್ ತಗೊಳತ್ತೆ, ಡಿಫಾಲ್ಟ್ ಅಂದ್ರೆ ಡಬಲ್ ಕೋಟು, 80 ಅಕ್ಷರ. ಆರು ವರ್ಷದಿಂದ ನಾಲ್ಕೈದು ಜನ ಕೈಯಲ್ಲಿ ಅಲೈನ್ ಮಾಡ್ಕೊಂಡು ಬಂದಿದ್ದ ಫೈಲನ್ನ ಒಂದು ಕಂಟ್ರೋಲ್ ಎಸ್‌ನಲ್ಲಿ ಮುಗ್ಸಿದ್ದೆ.

ಅಸಲಿಗೆ ನಂಗೆ ಬೇಕಾಗಿದ್ದು ಇದಲ್ವೇ ಅಲ್ಲ. ನನ್ನ ಗೋಳು ಪೇಸ್ಟ್‌ದು. ಬೇರೆ ಫೈಲಿಂದ, ಬ್ರೌಸರ್‌ನಿಂದ, ಟೀಮ್ ಚಾಟ್‌ನಿಂದ ಹತ್ತು ಲೈನ್ ತಂದು ಹಾಕಿದ್ರೆ ಅದು ಎಡಕ್ಕೋ ಬಲಕ್ಕೋ ವಾಲ್ಕೊಂಡು ಕೂತಿರತ್ತೆ, ಅದನ್ನ ಸೆಲೆಕ್ಟ್ ಮಾಡಿ ಟ್ಯಾಬ್, ಶಿಫ್ಟ್ ಟ್ಯಾಬ್, ಇನ್ನೊಂದ್ಸಲ ಟ್ಯಾಬ್, ದಿನಕ್ಕೆ ನಲವತ್ತು ಸಲ ಇದೇ ಕೆಲ್ಸ. ಹಾಕಿದ್ದಷ್ಟನ್ನ ಮಾತ್ರ ನೆಟ್ಟಗೆ ಮಾಡು, ಉಳಿದಿದ್ದನ್ನ ಮುಟ್ಬೇಡ, ಇಷ್ಟೇ ನಾನು ಕೇಳಿದ್ದು.

ವಿಎಸ್ ಕೋಡ್‌ನಲ್ಲಿ ಇದಕ್ಕೂ ಒಂದು ಟಿಕ್ ಇದೆ. ಸೆಟ್ಟಿಂಗ್ಸ್ ತೆಗ್ದು 'ಫಾರ್ಮ್ಯಾಟ್ ಆನ್ ಪೇಸ್ಟ್' ಅಂತ ಹುಡುಕಿ. ಮೊದ್ಲಿಂದ ಆಫ್ ಇರತ್ತೆ, ಆನ್ ಮಾಡ್ಬೇಕು. ಆದ್ರೆ ಆನ್ ಮಾಡಿದ ಮಾತ್ರಕ್ಕೆ ಎಲ್ಲಾ ಭಾಷೇಲೂ ನಡ್ಯಲ್ಲ, ಯಾಕಂದ್ರೆ ಫೈಲ್‌ನ ಒಂದು ತುಂಡನ್ನ ಮಾತ್ರ ಫಾರ್ಮ್ಯಾಟ್ ಮಾಡೋಕೆ ಆ ಫಾರ್ಮ್ಯಾಟರ್‌ಗೆ ಬರ್ಬೇಕು. ಪ್ರೆಟಿಯರ್‌ಗೆ ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರತ್ತೆ. ಫೈಲ್ ಪೂರ್ತಿ ಕೊಟ್ರೆ ಮಾತ್ರ ಕೈ ಹಾಕ್ತೀನಿ ಅನ್ನೋ ಫಾರ್ಮ್ಯಾಟರ್ ಆದ್ರೆ ನೀವು ಎಷ್ಟ್ ಸಲ ಪೇಸ್ಟ್ ಮಾಡಿದ್ರೂ ಏನೂ ಆಗಲ್ಲ, ಎರರ್ ಕೂಡ ಬರಲ್ಲ. ನಾನು ಅರ್ಧ ದಿನ ಸೆಟ್ಟಿಂಗ್ ಸರಿ ಇಲ್ವೇನೋ ಅಂತ ಒದ್ದಾಡಿದೀನಿ. ಇನ್ನೊಂದು, ಅರ್ಧ ಫಂಕ್ಷನ್ ಪೇಸ್ಟ್ ಮಾಡಿ ಮುಚ್ಚೋ ಬ್ರಾಕೆಟ್ ಇಲ್ಲ ಅಂದ್ರೆ ಪ್ರೆಟಿಯರ್ ಮುಟ್ಟೋದೇ ಇಲ್ಲ, ಅದಕ್ಕೆ ಮೊದ್ಲು ಕೋಡ್ ಅರ್ಥ ಆಗ್ಬೇಕು, ಆಮೇಲೆ ತಾನೆ ಜೋಡ್ಸೋದು.

ಸೇವ್ ವಿಷ್ಯಕ್ಕೂ ಮದ್ದಿದೆ. 'ಫಾರ್ಮ್ಯಾಟ್ ಆನ್ ಸೇವ್ ಮೋಡ್' ಅಂತಿರತ್ತೆ, ಅದನ್ನ 'ಮಾಡಿಫಿಕೇಶನ್ಸ್'ಗೆ ಇಟ್ರೆ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಟೂಲು) ನೋಡ್ಕೊಂಡು ನೀವು ಬದಲಾಯ್ಸಿದ ಲೈನ್‌ಗಳನ್ನ ಮಾತ್ರ ಫಾರ್ಮ್ಯಾಟ್ ಮಾಡತ್ತೆ. ಹಳೇ ಪ್ರಾಜೆಕ್ಟ್‌ಗಳಿಗೆ ಹೇಳಿ ಮಾಡ್ಸಿದ್ದು. ಇದು ಶುಕ್ರವಾರಕ್ಕೆ ಮುಂಚೆ ಗೊತ್ತಿದ್ದಿದ್ರೆ ಮಳೇಲಿ ನೆನೀತಿರ್ಲಿಲ್ಲ. ಪಕ್ಕದ ಸೀಟಿನವನು ಗೋ ಅನ್ನೋ ಭಾಷೇಲಿ ಕೋಡ್ ಬರೀತಾನೆ, ಅವನಿಗೆ ಗೋಫ್ಮಟ್ ಅನ್ನೋ ಫಾರ್ಮ್ಯಾಟರ್ ಭಾಷೆ ಜೊತೇಲೇ ಬಂದಿದೆ, ಟ್ಯಾಬ್ ಅಂದ್ರೆ ಟ್ಯಾಬು, ಚರ್ಚೆ ಇಲ್ಲ. "ನಮ್ಮಲ್ಲಿ ಈ ಜಗಳಾನೇ ಇಲ್ಲ ಮಗಾ" ಅಂತ ಕಾಫಿ ಹೀರ್ಕೊಂಡು ಹೇಳ್ತಾನೆ, ಕೋಪ ಬರತ್ತೆ.

ಸರ್ವರ್‌ಗೆ ಎಸ್ಎಸ್ಎಚ್ ಮಾಡಿದಾಗ (ದೂರದಿಂದ ಲಾಗಿನ್ ಆದಾಗ) ವಿಮ್ ಅನ್ನೋ ಟರ್ಮಿನಲ್ ಎಡಿಟರ್ರೇ ಗತಿ. ಅಲ್ಲಿ ಹಳೇ ವಿಮ್‌ಗೆ ಟರ್ಮಿನಲ್‌ನಿಂದ ಪೇಸ್ಟ್ ಮಾಡಿದ್ರೆ ಕೋಡು ಮೆಟ್ಲು ಮೆಟ್ಲಾಗಿ ಬಲಕ್ಕೆ ಜಾರ್ಕೊಂಡು ಹೋಗತ್ತೆ, ನೋಡಿರ್ತೀರ. ಪೇಸ್ಟ್ ಆಗ್ತಿದೆ ಅಂತ ವಿಮ್‌ಗೆ ಗೊತ್ತೇ ಆಗಲ್ಲ, ಯಾರೋ ಭಯಂಕರ ಸ್ಪೀಡಲ್ಲಿ ಟೈಪ್ ಮಾಡ್ತಿದಾರೆ ಅನ್ಕೊಂಡು ಪ್ರತಿ ಎಂಟರ್‌ಗೂ ಹಿಂದಿನ ಲೈನಿನ ಇಂಡೆಂಟ್ (ಲೈನ್ ಶುರುವಲ್ಲಿ ಬಿಡೋ ಖಾಲಿ ಜಾಗ) ಸೇರ್ಸತ್ತೆ, ಪೇಸ್ಟ್‌ನಲ್ಲೇ ಇರೋ ಇಂಡೆಂಟ್ ಅದರ ಮೇಲೆ ಕೂರತ್ತೆ. ಅದಕ್ಕೆ ಹಳಬರು 'ಸೆಟ್ ಪೇಸ್ಟ್' ಹೊಡ್ದು ಆಮೇಲೆ ಪೇಸ್ಟ್ ಮಾಡ್ತಿದ್ರು. ಮುಗಿದ ಮೇಲೆ 'ಸೆಟ್ ನೋಪೇಸ್ಟ್' ಹೊಡೀಬೇಕು, ನಾನು ಯಾವತ್ತೂ ಮರೀತೀನಿ, ಆಮೇಲೆ ಇಂಡೆಂಟ್ ಯಾಕೆ ಬರ್ತಿಲ್ಲ ಅಂತ ಪ್ಲಗಿನ್‌ಗೆ ಬಯ್ತೀನಿ. ವಿಮ್ 8ರಿಂದ ಈ ತಾಪತ್ರಯ ಕಮ್ಮಿ, ಟರ್ಮಿನಲ್ಲೇ ಪೇಸ್ಟ್‌ಗೆ ಮುಂಚೆ ಒಂದು, ಆದ್ಮೇಲೆ ಒಂದು ಗುಟ್ಟಿನ ಸನ್ನೆ ಕಳ್ಸತ್ತೆ, ಬ್ರಾಕೆಟೆಡ್ ಪೇಸ್ಟ್ ಅಂತಾರೆ, ಅದು ಸಿಕ್ಕಿದ ತಕ್ಷಣ ವಿಮ್ ಸುಮ್ನೆ ಇದ್ದಂಗೆ ತಗೊಳತ್ತೆ.

ಸುಮ್ನೆ ತಗೊಂಡ್ರೆ ಸಾಲ್ದಲ್ಲ, ನೆಟ್ಟಗೂ ಆಗ್ಬೇಕು. ಕೊನೇಸಲ ಪೇಸ್ಟ್ ಮಾಡಿದ್ದು ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೋದನ್ನ ವಿಮ್ ನೆನಪಿಟ್ಕೊಂಡಿರತ್ತೆ. `[ ಒತ್ತಿದ್ರೆ ಶುರುವಿಗೆ, `] ಒತ್ತಿದ್ರೆ ಕೊನೆಗೆ. ಮಧ್ಯ ಒಂದು = ಇಟ್ಟು `[=`] ಅಂತ ಹೊಡೆದ್ರೆ ಅಷ್ಟು ಭಾಗ ಮಾತ್ರ ಇಂಡೆಂಟ್ ಆಗತ್ತೆ, ಬೇರೆ ಏನೂ ಅಲುಗಾಡಲ್ಲ. ಇದನ್ನ ಲೀಡರ್ ಕೀ (ನಮ್ಮದೇ ಶಾರ್ಟ್‌ಕಟ್‌ಗಳಿಗೆ ಮುಂಚೆ ಒತ್ತೋ ಕೀ) ಜೊತೆ p ಕೀಗೆ ಮ್ಯಾಪ್ ಮಾಡ್ಕೊಂಡಿದೀನಿ. ಪೈಥಾನ್‌ನಲ್ಲಿ ಮಾತ್ರ ಇದನ್ನ ಬಳಸ್ಬೇಡಿ ದಯವಿಟ್ಟು. ಅಲ್ಲಿ ಇಂಡೆಂಟೇ ಅರ್ಥ, ಇಫ್ ಒಳಗಿದ್ದ ಲೈನ್ ಹೊರಗೆ ಬಂತು ಅಂದ್ರೆ ಪ್ರೋಗ್ರಾಮೇ ಬೇರೆ, ಕಳೆದೋದ ಇಂಡೆಂಟನ್ನ ಯಾವ ಫಾರ್ಮ್ಯಾಟರೂ ಊಹಿಸೋಕಾಗಲ್ಲ. ಅಲ್ಲಿಗೆ ]p ಸಾಕು, ವಿಮ್ ಒಳಗೇ ಕಾಪಿ ಮಾಡಿದ ಲೈನ್‌ಗಳನ್ನ ಸುತ್ತಮುತ್ಲಿನ ಇಂಡೆಂಟ್‌ಗೆ ತಕ್ಕಂಗೆ ಒಟ್ಟಿಗೇ ಸರ್ಸತ್ತೆ, ಒಳಗಿನ ಏರಿಳಿತ ಹಂಗೇ ಉಳಿಯತ್ತೆ. (ವಿಮ್ ಬರೆದು 1991ರಲ್ಲಿ ಮೊದಲ ರಿಲೀಸ್ ಮಾಡಿದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್‌ನಲ್ಲಿ ಹೋಗ್ಬಿಟ್ರು. ವಿಮ್ ತೆಗೆದಾಗ ಉಗಾಂಡದ ಮಕ್ಕಳಿಗೆ ಸಹಾಯ ಮಾಡಿ ಅಂತ ಅವ್ರು ಹಾಕಿದ್ದು ಬರತ್ತಲ್ಲ, ಈಗ ಆ ಲೈನ್ ನೋಡಿದಾಗ ಒಂದ್ ಕ್ಷಣ ಕೈ ನಿಲ್ಲತ್ತೆ.)

ಇಷ್ಟೆಲ್ಲ ಆದ್ಮೇಲೂ ಒಂದಿನ ಪೇಸ್ಟ್ ಮಾಡಿದ ಪೈಥಾನ್ ಕೋಡು ಓಡ್ಲೇ ಇಲ್ಲ. ನೋಡೋಕೆ ಚಿನ್ನದಂಗಿದೆ, ಇಂಡೆಂಟ್ ಸರಿ, ಬ್ರಾಕೆಟ್ ಸರಿ. ಎರರ್ ಮಾತ್ರ, ಕಾಣಿಸದ ಅಕ್ಷರ ಇದೆ, ಯು+00ಎ0 ಅಂತ (ಯು+ ಅಂದ್ರೆ ಯುನಿಕೋಡ್‌ನಲ್ಲಿ ಆ ಅಕ್ಷರದ ನಂಬರು). ಅದು ನಾನ್-ಬ್ರೇಕಿಂಗ್ ಸ್ಪೇಸ್. ಕಣ್ಣಿಗೆ ಸ್ಪೇಸೇ, ಪೈಥಾನ್‌ಗೆ ಅಲ್ಲ. ಚಾಟ್‌ನಿಂದ, ವರ್ಡ್ ಫೈಲಿಂದ ತಂದ ಕೋಡಲ್ಲಿ ಇದೂ ಇರತ್ತೆ, ನೆಟ್ಟಗಿರೋ ಕೋಟ್ ಬದ್ಲು ಬಾಗಿದ ಕೋಟೂ ಇರತ್ತೆ. ಫಾರ್ಮ್ಯಾಟರ್ ಇದನ್ನ ಸರಿ ಮಾಡಲ್ಲ, ಓದಿ ಅರ್ಥ ಮಾಡ್ಕೊಳೋಕೇ ಆಗದ ಕೋಡಿಗೆ ಅದು ಏನ್ ಮಾಡತ್ತೆ ಪಾಪ.

ಸರಿ ಅಂತ ವಿಎಸ್ ಕೋಡ್‌ಗೆ ಒಂದು ಪುಟ್ಟ ಎಕ್ಸ್‌ಟೆನ್ಷನ್ ಬರೆದೆ, ನಲವತ್ತು ಲೈನ್ ಇರ್ಬೇಕು. ಕಂಟ್ರೋಲ್ ಆಲ್ಟ್ ವಿ ಒತ್ತಿದ್ರೆ ಕ್ಲಿಪ್‌ಬೋರ್ಡ್ ಓದಿ, ಬಾಗಿದ ಕೋಟ್ ನೆಟ್ಟಗೆ ಮಾಡಿ, ನಾನ್-ಬ್ರೇಕಿಂಗ್ ಸ್ಪೇಸನ್ನ ಮಾಮೂಲಿ ಸ್ಪೇಸ್ ಮಾಡಿ, ಕಾಣದ ಅಕ್ಷರ ತೆಗೆದುಹಾಕಿ, ಪೇಸ್ಟ್ ಮಾಡಿ, ಆ ಭಾಗ ಮಾತ್ರ ಫಾರ್ಮ್ಯಾಟ್ ಮಾಡತ್ತೆ. ಕಾಣದ ಅಕ್ಷರಕ್ಕೆ ನೆಟ್‌ನಲ್ಲಿ ಎಲ್ರೂ ಕೊಡೋ ಒಂದು ರೆಜೆಕ್ಸ್ (ಯಾವ್ಯಾವ ಅಕ್ಷರ ಹುಡುಕ್ಬೇಕು ಅಂತ ಹೇಳೋ ಸೂತ್ರ) ಇದೆ, ಯು+200ಬಿ ಇಂದ ಯು+200ಡಿ ವರೆಗೆ, ಜೊತೆಗೆ ಯು+ಎಫ್ಇಎಫ್ಎಫ್. ಹಂಗೇ ಎತ್ತಿ ಹಾಕ್ದೆ. ಎರಡು ವಾರ ಬೊಂಬಾಟಾಗಿ ನಡೀತು.

ಆಮೇಲೆ ಒಂದು ಭಾನುವಾರ ಬಸವನಗುಡಿ ಮನೇಲಿ ಅಮ್ಮನ ಕೈಗೆ ಫೋನ್ ಕೊಟ್ಟು ನಮ್ ಆ್ಯಪ್‌ನ ಕನ್ನಡ ಟೆಸ್ಟ್ ಬಿಲ್ಡ್ ತೋರ್ಸಿದೆ. ಅಮ್ಮ ರಿಟೈರ್ಡ್ ಕನ್ನಡ ಟೀಚರ್ರು. ಕನ್ನಡಕ ಮೂಗಿನ ತುದಿಗಿಳಿಸಿ ಓದಿದ್ರು, "ಪಾಸ್ವರ್ಡ್. ಏನೋ ಇದು, ಸಕಾರಕ್ಕೆ ವಕಾರ ಒತ್ತು ಯಾಕೋ ಕೊಟ್ಟೆ? ಸ್ವರ್ಗಕ್ಕೆ ಹೋಗೋ ದಾರೀನಾ?"

ಟ್ರಾನ್ಸ್‌ಲೇಟರ್ ಕಳ್ಸಿದ ಫೈಲ್‌ನಲ್ಲಿ ಅದು 'ಪಾಸ್‌ವರ್ಡ್' ಅಂತ ಸರಿಯಾಗೇ ಇತ್ತು. ನಾನು ಆ ಸ್ಟ್ರಿಂಗ್‌ಗಳನ್ನ (ಆ್ಯಪ್ ಸ್ಕ್ರೀನ್ ಮೇಲೆ ಬರೋ ಪದಗಳನ್ನ) ನನ್ನ ಶಾರ್ಟ್‌ಕಟ್‌ನಲ್ಲೇ ಪೇಸ್ಟ್ ಮಾಡಿದ್ದೆ. ಸ್ ಮತ್ತೆ ವ ಅಂಟ್ಕೊಳ್ದಂಗೆ ಮಧ್ಯ ಕೂರೋ ಝೀರೋ ವಿಡ್ತ್ ನಾನ್-ಜಾಯ್ನರ್ ಇದ್ಯಲ್ಲ, ಅದು ಯು+200ಸಿ. 200ಬಿಗೂ 200ಡಿಗೂ ಮಧ್ಯ ಸರಿಯಾಗಿ ಸಿಕ್ಕಾಕ್ಕೊಂಡಿದೆ. ಇನ್ನೊಂದು ಸ್ಕ್ರೀನ್‌ನಲ್ಲಿ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗಿತ್ತು, ರ ಆದ್ಮೇಲೆ ಕೂರೋ ಝೀರೋ ವಿಡ್ತ್ ಜಾಯ್ನರ್ 200ಡಿ, ಅದೂ ಬಲಿ, ಅರ್ಕಾವತ್ತು ಬಂದು ಕೂತಿದೆ. ಇಂಗ್ಲಿಷ್‌ನವರಿಗೆ ಈ ಎರಡು ಅಕ್ಷರ ಕಸ, ನಮಗೆ ಕಾಗುಣಿತದಷ್ಟೇ ಮುಖ್ಯ. ಕನ್ನಡ ಟೈಪ್ ಮಾಡೋ ನಾನೇ ಅದನ್ನ ಯೋಚ್ನೆ ಮಾಡ್ದೆ ಎತ್ತಾಕಿದ್ದೆ, ಯಾರಿಗೆ ಹೇಳ್ಲಿ.

ಡೈನಿಂಗ್ ಟೇಬಲ್ ಮೇಲೇ ಲ್ಯಾಪ್‌ಟಾಪ್ ತೆಗ್ದು ರೆಜೆಕ್ಸ್ ಬದ್ಲಾಯ್ಸಿದೆ, ಈಗ 200ಬಿ ಮತ್ತೆ ಎಫ್ಇಎಫ್ಎಫ್ ಮಾತ್ರ ಹೋಗತ್ತೆ, 200ಸಿ, 200ಡಿ ಮುಟ್ಟಲ್ಲ. ಸ್ಟ್ರಿಂಗ್ ಫೈಲ್ ಆದ್ರೆ ಬಾಗಿದ ಕೋಟನ್ನೂ ಮುಟ್ಟಲ್ಲ, ಅಲ್ಲಿ ಅದು ಬೇಕೂಂತಲೇ ಹಾಕಿರ್ಬೋದು. ಅಷ್ಟರಲ್ಲಿ ಅಮ್ಮ ಪೂರ್ತಿ ಲಿಸ್ಟ್ ತೋರ್ಸು ಅಂದ್ರು. ಕೂತು ಒಂದೊಂದೇ ಓದಿ, ಮೂರು ಕಡೆ 'ಧೃಡೀಕರಿಸಿ' ಅಂತಿದ್ದಿದ್ದನ್ನ ಹಿಡಿದ್ರು, 'ದೃಢೀಕರಿಸಿ' ಆಗ್ಬೇಕು ಅದು. ಅದು ಎಕ್ಸ್‌ಟೆನ್ಷನ್ ತಪ್ಪಲ್ಲ, ಆ ಮೂರೂ ನಾನೇ ಟೈಪ್ ಮಾಡಿದ್ದು.

ಸೋಮವಾರ ಪುಲ್ ರಿಕ್ವೆಸ್ಟ್ ಹಾಕ್ದೆ, ಬದ್ಲಾಗಿದ್ದು ಏಳೇ ಲೈನ್. ಶುಕ್ರವಾರ ಫೋನ್ ಮಾಡಿದ್ದ ಮನುಷ್ಯನೇ ಎರಡು ನಿಮಿಷದಲ್ಲಿ ಅಪ್ರೂವ್ ಮಾಡಿ, ಕೆಳಗೆ "ರಿವ್ಯೂ ಮಾಡಿದ್ದು ಯಾರು, ಅಮ್ಮಾನಾ?" ಅಂತ ಕಾಮೆಂಟ್ ಹಾಕಿದ್ದ.