ಕೊಡಗಿನ ಬರೆ ಕುಸಿತದ ನಕ್ಷೆ: ಕೆಲಸ ಎಲ್ಲಿಗೆ ಬಂತು

ಕೊಡಗಿನಲ್ಲಿ ಗುಡ್ಡ, ಬರೆ ಎಲ್ಲೆಲ್ಲಿ ಕುಸಿಯಬಹುದು ಅಂತ ಕಂಪ್ಯೂಟರಿನಲ್ಲಿ ಪದರ ಪದರವಾಗಿ ಒಂದು ನಕ್ಷೆ ಮಾಡುತ್ತಿದ್ದೇನೆ. ಬರೆ ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಅದರಲ್ಲಿ ಮಡಿಕೇರಿ ತಾಲ್ಲೂಕಿನ ಹಳೇ ಕುಸಿತಗಳ ಪದರ ಒಂದು ಹಂತಕ್ಕೆ ಬಂದಿದೆ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹೆಮ್ಮೆತ್ತಾಳು, ಮುಕ್ಕೋಡ್ಲು, ಕಾಲೂರು ಕಡೆ 2018ರ ಆಗಸ್ಟಿನಲ್ಲಿ ಜಾರಿದ ಜಾಗಗಳಿಗೆ ಬರೀ ಚುಕ್ಕೆ ಇಡದೆ ಗಡಿ ಎಳೆದಿದ್ದೇನೆ. ಚುಕ್ಕೆಯಿಂದ ಜಾಗ ಗೊತ್ತಾಗುತ್ತದೆ, ಅಷ್ಟೇ. ಮಣ್ಣು ಎಲ್ಲಿಂದ ಬಿಟ್ಟುಕೊಂಡಿತು, ಎಲ್ಲಿವರೆಗೆ ಹೋಯಿತು ಅನ್ನೋದಕ್ಕೆ ಗಡಿಯೇ ಬೇಕು. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಅನ್ನೋ ಊರು, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ, ಇವೆರಡಕ್ಕೂ ಬೇರೆ ಬಣ್ಣ ಕೊಟ್ಟಿದ್ದೇನೆ.

ತಳಕ್ಕೆ ಹಾಸಿರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರ (ಜಿಎಸ್‌ಐ) ಭೂಕುಸಿತ ಸಾಧ್ಯತೆಯ ರಾಷ್ಟ್ರೀಯ ನಕ್ಷೆ. 2014ರಲ್ಲಿ ಶುರುವಾದ ಆ ಯೋಜನೆ ಹಿಮಾಲಯದಿಂದ ನಮ್ಮ ಘಟ್ಟದವರೆಗೆ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಗುಡ್ಡಗಾಡನ್ನು ಒಳಗೊಂಡಿದೆ. ದೇಶದ ನೆಲದಲ್ಲಿ ಅದು ಶೇ 12.6ರಷ್ಟು. ಜಿಎಸ್‌ಐನವರದ್ದೇ ಭೂಕೋಶ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕುಸಿಯುವ ಸಾಧ್ಯತೆ ಹೆಚ್ಚು, ಮಧ್ಯಮ, ಕಡಿಮೆ ಅಂತ ಮೂರು ದರ್ಜೆ. ಹಿಂದೆ ಎಲ್ಲೆಲ್ಲಿ ಜಾರಿದೆ ಅಂತ ಮೊದಲು ಪಟ್ಟಿ ಮಾಡುತ್ತಾರೆ. ಆಮೇಲೆ ಇಳಿಜಾರು, ಕಲ್ಲು, ಮಣ್ಣಿನ ಆಳ, ಭೂಬಳಕೆ, ತೋಡುಗಳನ್ನೆಲ್ಲ (ಸಣ್ಣ ಹಳ್ಳಗಳು) ಅದರ ಮೇಲೆ ಹಾಸಿ, ಯಾವ ಗುಣ ಇರುವ ಕಡೆ ಕುಸಿತ ಜಾಸ್ತಿ ಅಂತ ತೂಕ ಹಾಕುತ್ತಾರೆ. ಆ ಗುಣಗಳು ಒಟ್ಟಿಗೆ ಸೇರುವ ಕಡೆ, ಇವತ್ತಿನವರೆಗೆ ಜಾರದಿದ್ದರೂ, ದರ್ಜೆ ಮೇಲೇರುತ್ತದೆ.

ಇಸ್ರೋದವರು 2023ರಲ್ಲಿ ತಂದ ಭೂಕುಸಿತ ಅಟ್ಲಾಸ್ ಬೇರೆ ಥರದ್ದು. 1998ರಿಂದ 2022ರವರೆಗಿನ ಸುಮಾರು 80,000 ಕುಸಿತ ಅದರಲ್ಲಿವೆ. 147 ಜಿಲ್ಲೆಗಳ ಸಾಲಿನಲ್ಲಿ ಕೊಡಗು 12ನೆಯದು. ಜನ, ಮನೆ, ರಸ್ತೆ ಎಷ್ಟು ಅಪಾಯಕ್ಕೆ ಒಡ್ಡಿಕೊಂಡಿವೆ ಅನ್ನೋದರ ಮೇಲೆ ಆ ಸಾಲು ನಿಂತಿದೆ. ಬರೀ ಕುಸಿತದ ಎಣಿಕೆ ಅಂದುಕೊಂಡು ಓದಬಾರದು.

ಇವೆಲ್ಲ ಇರುವಾಗ ನಿನ್ನದೇನು ಹೊಸದು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಾಷ್ಟ್ರೀಯ ನಕ್ಷೆಯ ಅಳತೆ 1:50,000. ಅಂದರೆ ನಕ್ಷೆಯ ಒಂದು ಮಿಲಿಮೀಟರಿಗೆ ನೆಲದ ಮೇಲೆ 50 ಮೀಟರ್. ಬೆಟ್ಟ ಕಾಣುತ್ತದೆ, ಮನೆ ಹಿಂದಿನ ಬರೆ ಕಾಣಲ್ಲ. ನಮ್ಮಲ್ಲಿ ಮನೆಗೆ, ಹೋಂಸ್ಟೇಗೆ, ರಸ್ತೆಗೆ ಅಂತ ಗುಡ್ಡದ ಬುಡ ಕಡಿದು ಜಾಗ ಸಮ ಮಾಡುತ್ತೇವಲ್ಲ, ಅಲ್ಲಿ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆಯೇ ಬರೆ. ಐದು ಮೀಟರ್ ಎತ್ತರದ ಬರೆ ಎತ್ತರದ ದತ್ತಾಂಶದ 30 ಮೀಟರಿನ ಚೌಕದೊಳಗೆ ಸೇರಿದರೆ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ನಕ್ಷೆಗೆ ಅದು ಸಾಧಾರಣ ಇಳಿಜಾರು. ಅದರ ಕೆಳಗೆ ಅಡುಗೆಮನೆ ಇದೆ.

ಹಾಗಾಗಿ ಬರೆಗಳದ್ದೇ ಒಂದು ಪದರ ಮಾಡುತ್ತಿದ್ದೇನೆ. ನನ್ನ ಮಟ್ಟಿಗೆ ಈ ಕೆಲಸದ ಜೀವಾಳ ಇದೇ. ಹೋದ ಕಡೆಯೆಲ್ಲ ಎತ್ತರ, ಮೇಲೆ ಚರಂಡಿ ಇದೆಯಾ, ಬಿರುಕು ಇದೆಯಾ, ಮರ ವಾಲಿದೆಯಾ, ನೀರು ಎಲ್ಲಿಂದ ಒಸರುತ್ತದೆ ಅಂತ ಬರೆದುಕೊಳ್ಳುತ್ತೇನೆ. ಮಕ್ಕಂದೂರು ಹತ್ತಿರ ಒಂದು ಬರೆಯನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಮೇಲೆ ಎರಡಾಳು ಎತ್ತರ ಕೆಂಪು ಮಣ್ಣು, ಪುಡಿಪುಡಿ, ಕಾಫಿ ಬೇರು ಹೆಣೆದುಕೊಂಡಿದೆ. ಅದರ ಕೆಳಗೆ ಹಳದಿ ಬೆರೆತ ಬಿಳಿ ಜೇಡಿ, ಬೆರಳಿಗೆ ಸೋಪಿನ ಹಾಗೆ ಜಾರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಮಾತ್ರ ಹಸಿ. ಮಳೆ ಬಿಟ್ಟು ವಾರಗಳೇ ಆಗಿದ್ದರೂ ಅಲ್ಲಿ ಜರಿಗಿಡ ಹಸಿರಾಗಿತ್ತು. ಮೇಲಿನ ಮಣ್ಣು ನೀರು ಕುಡಿಯುತ್ತದೆ, ಕೆಳಗಿನ ಜೇಡಿ ಬಿಡಲ್ಲ. ನೀರಿನ ಒತ್ತಡ ಅದೇ ಗೆರೆಯಲ್ಲಿ ಏರುತ್ತದೆ. ಬುಡ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇಲ್ಲ.

ಉಪಗ್ರಹ ಚಿತ್ರದ ಕೆಲಸ ನಿಧಾನ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಐದು ದಿನಕ್ಕೊಮ್ಮೆ ಸಿಗುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮೇಲೆ ಬರೀ ಮೋಡ. ಮಳೆಗಾಲಕ್ಕೆ ಮುಂಚಿನದನ್ನೂ ನವೆಂಬರಿನದನ್ನೂ ಹೋಲಿಸಿ ಹಸಿರು ಕಳೆದುಕೊಂಡ ಜಾಗ ಹುಡುಕಬೇಕು. ಇಲ್ಲಿ ತೋಟ ಗೊತ್ತಿರುವುದು ಸಹಾಯಕ್ಕೆ ಬರುತ್ತದೆ. ನೆರಳು ಮರ ಕಪಾತು ಮಾಡಿದ ತೋಟ, ಶುಂಠಿ ಕಿತ್ತ ಗದ್ದೆ, ಹಳೇ ಗಿಡ ತೆಗೆದು ಹೊಸ ಕಾಫಿ ನೆಟ್ಟ ಜಾಗ, ಎಲ್ಲವೂ ಕಂಪ್ಯೂಟರಿಗೆ ಕುಸಿತದ ಹಾಗೇ ಕಾಣುತ್ತವೆ. ನಿಜವಾದ ಕುಸಿತ ಮೇಲೆ ಬಿಲ್ಲಿನ ಆಕಾರದಲ್ಲಿ ಬಿಟ್ಟುಕೊಂಡು, ಉದ್ದಕ್ಕೆ ಇಳಿದು ತೋಡಿಗೆ ಸೇರಿರುತ್ತದೆ. ಇನ್ನೊಂದು ತೊಡಕು ಎತ್ತರದ ದತ್ತಾಂಶದ್ದು. ಸಿಲ್ವರ್ ಓಕ್ ದಟ್ಟವಾಗಿರುವ ಕಡೆ ಎತ್ತರ ಅಳೆಯುವ ರಾಡಾರ್ ನೆಲಕ್ಕಿಂತ ಜಾಸ್ತಿ ಮರದ ತುದಿಯನ್ನೇ ಅಳೆದಿರುತ್ತದೆ. ತೋಟದ ಅಂಚೆಲ್ಲ ಕಡಿದಾದ ಗುಡ್ಡದ ಹಾಗೆ ಕಾಣುತ್ತದೆ. ಅಂಥ ಅಂಚುಗಳನ್ನು ಒಂದೊಂದಾಗಿ ನೋಡಿ ಕೈಬಿಡುತ್ತಿದ್ದೇನೆ.

ಇನ್ನು ಮಳೆ. ಎಲ್ಲಿ ಕುಸಿಯಬಹುದು ಅಂತ ನಕ್ಷೆ ಹೇಳುತ್ತದೆ, ಯಾವಾಗ ಅಂತ ಹೇಳಲ್ಲ. ಅದಕ್ಕೆ ದಿನದಿನದ ಮಳೆ ಲೆಕ್ಕ ಬೇಕು. ಈ ವಿಷಯದಲ್ಲಿ ಕೊಡಗು ನಿಜಕ್ಕೂ ಶ್ರೀಮಂತ. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಬೆಳಗ್ಗೆ ಎದ್ದು ಮಳೆ ಅಳೆದು ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಪುಸ್ತಕಕ್ಕೆ ಏರಿಸುತ್ತಾರೆ. ಒಂದೇ ಬೆಟ್ಟದ ಆಚೆ ಬದಿಗೂ ಈಚೆ ಬದಿಗೂ ಲೆಕ್ಕ ಎಷ್ಟೋ ಬೇರೆ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ, ಕುಸಿತದ ದಿನಕ್ಕೆ ಹಿಂದಿನ ಮೂರು ದಿನ ಮತ್ತು ಹದಿನೈದು ದಿನದ ಮೊತ್ತ ಹಾಕುತ್ತಿದ್ದೇನೆ. ಮೊದಲೇ ನೆನೆದು ನಿಂತ ಬೆಟ್ಟಕ್ಕೆ ಕೊನೆಯ ಮೂರು ದಿನದ ಮಳೆ ಏನು ಮಾಡುತ್ತದೆ ಅಂತ ನೋಡಬೇಕು.

ಮುಂದಿನದು ಹರಿವಿನ ದಾರಿ. 2024ರ ಜುಲೈ 30ರಂದು ವಯನಾಡಿನಲ್ಲಿ ಸುಮಾರು 1,550 ಮೀಟರ್ ಎತ್ತರದಲ್ಲಿ ಬಿಟ್ಟುಕೊಂಡ ಮಣ್ಣು, ಕಲ್ಲು ಎಂಟು ಕಿಲೋಮೀಟರಿನಷ್ಟು ಹರಿದು ಬಂತು. ಮುಂಡಕ್ಕೈ, ಚೂರಲ್‌ಮಲದ ಎಷ್ಟೋ ಮನೆ ಇದ್ದದ್ದು ಹೊಳೆ ಪಕ್ಕದ ಜಾಗದಲ್ಲಿ. ಜೋಡುಪಾಲದಲ್ಲೂ ಮೇಲಿಂದ ಬಂದ ಮಣ್ಣು ನೀರಿನ ದಾರಿಯನ್ನೇ ಹಿಡಿದಿತ್ತು. ಹಾಗಾಗಿ ಹೆಚ್ಚು ದರ್ಜೆಯ ಪ್ರತಿ ಇಳಿಜಾರಿನಿಂದ ಕೆಳಗಿನ ತೋಡನ್ನು ಹಿಡಿದು, ದಾರಿಯಲ್ಲಿ ಸಿಗುವ ಮನೆ, ಶಾಲೆ, ಮೋರಿಗಳನ್ನು ಗುರುತಿಸಬೇಕು. ಸಂಪಾಜೆ ಘಾಟಿಯಿಂದ ಶುರು ಮಾಡುತ್ತೇನೆ.

2018ರ ಆಗಸ್ಟಿನ ಮಳೆ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಆ ತಿಂಗಳ ಪುಟದ ಒಂದು ಫೋಟೋ ಕಳಿಸಿ. ಊರಿನ ಹೆಸರು ಸಾಕು, ತೋಟದ ಹೆಸರು ಬೇಡ. ಬರೆಯ ಫೋಟೋ ಆದರೆ ಮಳೆ ಇಲ್ಲದ ದಿನ, ದೂರದಲ್ಲಿ ನಿಂತು ತೆಗೆಯಿರಿ.